ಸಲೂನಿನ ಲೆಕ್ಕಾಚಾರ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನೆವಾಡಾದ ಹಳೆಯ ಗಣಿ ಊರಿನಲ್ಲಿ ನೀನು ತೆಗೆದ ಸಲೂನಿನ (ಕ್ಷೌರದಂಗಡಿಯಲ್ಲ, ಹಳೆಯ ಕಾಲದ ಹೆಂಡದಂಗಡಿ) ಫೋಟೊಗಳು ತಲುಪಿದವು. ಅಲ್ಲಿ ದಿನಾ ಗುಂಡು ಹಾರುತ್ತಿತ್ತೇ ಎಂದು ಕೇಳಿದ್ದೀಯ. ಸಿನಿಮಾದಲ್ಲಿ ಹಾರಿದಷ್ಟು ಹಾರುತ್ತಿರಲಿಲ್ಲ. 1876ರಲ್ಲಿ ಡೆಡ್‌ವುಡ್ ಎಂಬ ಗಣಿ ಊರಿನ ಸಲೂನಿನಲ್ಲಿ ಇಸ್ಪೀಟಾಡುತ್ತ ಕುಳಿತಿದ್ದ ಹೆಸರಾಂತ ಬಂದೂಕುಗಾರ ವೈಲ್ಡ್ ಬಿಲ್ ಹಿಕಾಕ್‌ಗೆ ಹಿಂದಿನಿಂದ ಗುಂಡಿಟ್ಟಿದ್ದೇನೋ ನಿಜ. ಆದರೆ ಬ್ಯಾಂಕಿನ ಕೌಂಟರಿನಲ್ಲಿ ಆಯುಷ್ಯ ಸವೆಸಿದ ನನಗೆ, ಅಲ್ಲಿ ಗಿರಾಕಿಯ ಜೇಬು ಬರಿದಾಗುತ್ತಿದ್ದ ಬಗೆಯೇ ಹೆಚ್ಚು ರುಚಿ.

ಟೆಕ್ಸಾಸಿನಿಂದ ದನ ಹೊಡೆದುಕೊಂಡು ಬರುವ ಕೌಬಾಯ್‌ಗೆ ತಿಂಗಳಿಗೆ 30-40 ಡಾಲರ್ ಕೂಲಿ. ಕಾನ್ಸಾಸಿನ ಡಾಡ್ಜ್ ಸಿಟಿ ಮುಟ್ಟಿದಾಗ ಕೆಲವು ತಿಂಗಳ ಕೂಲಿ ಒಮ್ಮೆಗೇ ಕೈಸೇರುತ್ತಿತ್ತು. ಸ್ನಾನ, ಕ್ಷೌರ, ಆಮೇಲೆ ಸಲೂನು. ಅಲ್ಲಿನ ಲಾಂಗ್ ಬ್ರಾಂಚ್ ಸಲೂನಿನ ಮಾಲೀಕರಲ್ಲೊಬ್ಬನಾದ ಚಾಕ್ ಬೀಸನ್ ಸ್ವತಃ ಪಿಟೀಲು ನುಡಿಸುವವನು. ಐದು ಜನರ ವಾದ್ಯಮೇಳವನ್ನೇ ಇಟ್ಟಿದ್ದ.

ಜನ ಮುಗಿಬೀಳುತ್ತಿದ್ದುದು ಪೋಕರ್‌ಗಿಂತ ಹೆಚ್ಚಾಗಿ ‘ಫೇರೋ’ ಎಂಬ ಇಸ್ಪೀಟಾಟಕ್ಕೆ. ಮೇಜಿನ ಮೇಲೆ ಎಕ್ಕದಿಂದ ರಾಜನವರೆಗೆ 13 ಎಲೆಗಳ ಚಿತ್ರ. ಬೇಕಾದ ಎಲೆಯ ಮೇಲೆ ಪಣ. ಆಡಿಸುವವನು ಪೆಟ್ಟಿಗೆಯಿಂದ ಎರಡೆರಡು ಎಲೆ ಎಳೆಯುತ್ತಾನೆ. ಮೊದಲನೆಯ ಎಲೆಯ ಮೇಲಿಟ್ಟ ಪಣ ಅಂಗಡಿಗೆ, ಎರಡನೆಯದರ ಮೇಲಿಟ್ಟವನಿಗೆ ಗೆಲುವು. ಎರಡೂ ಒಂದೇ ಆದರೆ, ಅಂದರೆ ಎರಡೂ ರಾಜ ಅಥವಾ ಎರಡೂ ಎಕ್ಕ ಹೀಗೆ ಬಂದರೆ, ಅದರ ಮೇಲಿನ ಪಣದಲ್ಲಿ ಅರ್ಧ ಅಂಗಡಿಗೆ. ಹೊರಬಿದ್ದ ಎಲೆಗಳ ಲೆಕ್ಕ ಎಲ್ಲರಿಗೂ ಕಾಣಲೆಂದು ಮಣಿಚೌಕಟ್ಟು ಬೇರೆ! ಇಷ್ಟು ನ್ಯಾಯವಾಗಿ ಆಡಿಸಿದರೆ ಮಾಲೀಕನಿಗೆ ಗಿಟ್ಟುವುದು ಅಲ್ಪ. ಹಾಗಾಗಿ ಎಷ್ಟೋ ಕಡೆ ಪೆಟ್ಟಿಗೆಯೊಳಗೇ ಕೈಚಳಕ ಇರುತ್ತಿತ್ತು.

ಕುಣಿತದ ಹೆಣ್ಣುಮಕ್ಕಳದು ಇನ್ನೊಂದು ಬಗೆಯ ದುಡಿಮೆ. ಒಂದು ಸುತ್ತು ಮುಗಿದೊಡನೆ ಜೊತೆಗಾರನನ್ನು ಕೌಂಟರಿಗೆ ಕರೆತರಬೇಕು. ಅವನಿಗೆ ವಿಸ್ಕಿ, ಅವಳ ಲೋಟದಲ್ಲಿ ಹಲವು ಸಲ ಬರೀ ತಣ್ಣನೆಯ ಚಹಾ, ಬೆಲೆ ಮಾತ್ರ ವಿಸ್ಕಿಯದೇ. ಅದರಲ್ಲಿ ಅವಳಿಗೊಂದು ಪಾಲು. ಕೆಸರು ಬೂಟುಗಳಿಂದ ಕಾಲು ತುಳಿಸಿಕೊಂಡು, ಅಮಲೇರಿದಂತೆ ನಟಿಸುತ್ತ ರಾತ್ರಿ ಕಳೆಯುವುದು. ಮೋಜೆಲ್ಲ ಎದುರಿನವನದು.

ನಿಮ್ಮ ಸ್ಯಾನ್ ಫ್ರಾನ್ಸಿಸ್ಕೋದ ಮಾರ್ಕೆಟ್ ಸ್ಟ್ರೀಟಿನಲ್ಲಿ ಲೊಟ್ಟಾ ಕಾರಂಜಿ ಇದೆಯಲ್ಲ, ಅದನ್ನು 1875ರಲ್ಲಿ ಊರಿಗೆ ಕೊಟ್ಟ ನಟಿ ಲೊಟ್ಟಾ ಕ್ರಾಬ್‌ಟ್ರೀ ಇಂಥ ಲೋಕದಲ್ಲೇ ಬೆಳೆದವಳು. ಹುಟ್ಟಿದ್ದು 1847ರಲ್ಲಿ, ಅಪ್ಪ ಚಿನ್ನದ ಬೆನ್ನು ಹತ್ತಿದವನು. ಕ್ಯಾಲಿಫೋರ್ನಿಯಾದ ಗಣಿಶಿಬಿರಗಳ ಹೋಟೆಲು, ಸಲೂನುಗಳಲ್ಲಿ ಚಿಕ್ಕ ಹುಡುಗಿಯಾಗಿದ್ದಾಗಲೇ ಕುಣಿದಳು, ಹಾಡಿದಳು, ಬ್ಯಾಂಜೊ ನುಡಿಸಿದಳು. ಗಣಿಗಾರರು ಎಸೆದ ನಾಣ್ಯ, ಚಿನ್ನದ ಹರಳುಗಳನ್ನೆಲ್ಲ ತಾಯಿ ಮೇರಿ ಆ್ಯನ್ ಬಿಡದೆ ಆರಿಸಿಕೊಳ್ಳುತ್ತಿದ್ದಳು, ಮುಂದೆ ಅದನ್ನು ಜಮೀನು, ಕಟ್ಟಡಗಳಲ್ಲಿ ತೊಡಗಿಸಿದಳು. 1924ರಲ್ಲಿ ತೀರಿಕೊಂಡಾಗ ಲೊಟ್ಟಾಳ ಆಸ್ತಿ ಸುಮಾರು 40 ಲಕ್ಷ ಡಾಲರ್. ಬಹುಪಾಲು ದಾನಧರ್ಮಕ್ಕೆ ಹೋಯಿತು.

ಅಷ್ಟು ಸಣ್ಣ ಕೂಸನ್ನು ಕುಡುಕರೆದುರು ಕುಣಿಸಿದ್ದು ನನಗೆ ಸರಿ ಕಾಣುವುದಿಲ್ಲ. ನಿನ್ನ ಅಮ್ಮ ಮಾತ್ರ ಮೇರಿ ಆ್ಯನ್ ಪಕ್ಷ. ‘ದುಡ್ಡನ್ನು ಅಪ್ಪನ ಕೈಗೆ ಕೊಡಲಿಲ್ಲವಲ್ಲ, ಅದು ಬುದ್ಧಿವಂತಿಕೆ’ ಎಂದಳು. ಹಾಗೆಯೇ, ನಿನ್ನ ಸಂಬಳದಲ್ಲಿ ತಿಂಗಳಿಗೆ ಎಷ್ಟು ಉಳಿಸುತ್ತಿದ್ದೀಯ ಎಂದು ಬರೆದು ಕೇಳಲು ಹೇಳಿದ್ದಾಳೆ. ಉತ್ತರವನ್ನು ಅವಳಿಗೇ ಕಳುಹಿಸು.

ನಿನ್ನ
ಅಪ್ಪ