ಫೇಸ್‌ಬುಕ್ ಕೊನೆಗಿರಲಿ

ಪ್ರಿಯ ಮಿತ್ರರೇ,

ಕಥೆ ಮುಗಿದ ರಾತ್ರಿಯೇ ಅದನ್ನು ಫೇಸ್‌ಬುಕ್ಕಿಗೆ ಹಾಕುವ ಆಸೆಯನ್ನು ಸ್ವಲ್ಪ ತಡೆಯಿರಿ. ಬಹುತೇಕ ಕಥಾಸ್ಪರ್ಧೆಗಳು ‘ಸ್ವಂತದ್ದು, ಅನುವಾದವಲ್ಲ, ಎಲ್ಲಿಯೂ ಪ್ರಕಟವಾಗಿಲ್ಲ’ ಎಂದು ಬರೆದುಕೊಡಲು ಕೇಳುತ್ತವೆ. ಫೇಸ್‌ಬುಕ್ಕು, ಬ್ಲಾಗು, ಪ್ರತಿಲಿಪಿ ಆ್ಯಪಿನಲ್ಲಿ ಬಂದದ್ದೂ ಸಾಮಾನ್ಯವಾಗಿ ಪ್ರಕಟಿತವೆಂದೇ ಲೆಕ್ಕ. ಆಮೇಲೆ ಅಳಿಸಿ ಪ್ರಯೋಜನವಿಲ್ಲ, ಬಹುಮಾನ ಘೋಷಣೆಯಾದ ದಿನ ಯಾರಾದರೊಬ್ಬರು ಸ್ಕ್ರೀನ್‌ಶಾಟ್ ತೆಗೆದು ತೋರಿಸುತ್ತಾರೆ. ಹಾಗಾಗಿ ಮೊದಲು ಸ್ಪರ್ಧೆ, ಆಮೇಲೆ ಮಾಸಿಕ ಅಥವಾ ವಾರಪತ್ರಿಕೆ, ಅಲ್ಲಿಯೂ ಆಗದಿದ್ದರೆ ದಿನಪತ್ರಿಕೆಯ ಭಾನುವಾರದ ಪುರವಣಿ ಇಲ್ಲವೇ ಜಾಲಪತ್ರಿಕೆ. ನಿಮ್ಮ ಫೇಸ್‌ಬುಕ್ ಗೋಡೆ ಎಲ್ಲದರ ಕೊನೆಗೆ.

ಎಲ್ಲಿಗೆ ಯಾವುದು ಎಂಬುದನ್ನು ಉದ್ದವೇ ಅರ್ಧ ತೀರ್ಮಾನಿಸುತ್ತದೆ. ಪುರವಣಿಯ ಪುಟಕ್ಕೆ ಸಾವಿರದಿಂದ ಸಾವಿರದೈನೂರು ಪದ ಹಿಡಿಸಬಹುದು. ‘ಸುಧಾ’, ‘ತರಂಗ’ದಂಥ ವಾರಪತ್ರಿಕೆಗೆ ಎರಡು ಸಾವಿರದ ಸುತ್ತ ಇಟ್ಟುಕೊಳ್ಳಿ. ಅದಕ್ಕಿಂತ ಉದ್ದದ್ದಕ್ಕೆ ‘ಮಯೂರ’, ‘ತುಷಾರ’ದಂಥ ಮಾಸಿಕಗಳೇ ವಾಸಿ. ಇದು ಅಂದಾಜು ಅಷ್ಟೇ. ಕಳಿಸುವ ಮುನ್ನ ಆ ಪತ್ರಿಕೆಯ ಈಚಿನ ನಾಲ್ಕು ಸಂಚಿಕೆ ತಂದು ಅಲ್ಲಿನ ಕಥೆಗಳ ಪದ ಎಣಿಸಿ. ಮೂರು ಸಾವಿರ ಪದದ ಕಥೆಯನ್ನು ಪುರವಣಿಗೆ ಕಳಿಸಿ ‘ಬೇಕಾದಷ್ಟು ಕತ್ತರಿಸಿಕೊಳ್ಳಿ’ ಎಂದರೆ ಕತ್ತರಿಸುವ ಪುರುಸೊತ್ತು ಅಲ್ಲಿ ಯಾರಿಗೂ ಇರುವುದಿಲ್ಲ.

ಹಬ್ಬದ ಲೆಕ್ಕ ಬೇರೆ. ‘ಪ್ರಜಾವಾಣಿ’ ದೀಪಾವಳಿ ಕಥಾಸ್ಪರ್ಧೆಯಂಥವುಗಳ ಪ್ರಕಟಣೆ ಹಬ್ಬಕ್ಕೆ ತಿಂಗಳುಗಳ ಮೊದಲೇ ಬರುತ್ತದೆ. ಅದನ್ನು ನೋಡಿದ ಮೇಲೆ ಬರೆಯಲು ಕೂತರೆ ತಿದ್ದಲು ಸಮಯವಿರುವುದಿಲ್ಲ, ಕಥೆ ಮೊದಲೇ ಸಿದ್ಧವಿರಬೇಕು. ಸ್ಪರ್ಧೆಯ ಪ್ರತಿಯಲ್ಲಿ ಹೆಸರು ಹಾಕಬೇಡಿ ಎಂದಿದ್ದರೆ ಕಡತದ ಹೆಸರಿನಲ್ಲೂ ಅದು ಇರಬಾರದು. ಇದನ್ನು ಮರೆತವರ ಕಥೆಗಳು ಓದಿಗೆ ಮುನ್ನವೇ ಹೊರಬೀಳುತ್ತವೆ. ಮಳೆಯ ಪದ್ಯವನ್ನು ಮಳೆ ಬಂದ ಮೇಲೆ ಕಳಿಸುವುದೂ ಇಂಥದ್ದೇ ತಡ, ಮಾಸಿಕಗಳ ಪುಟ ಎಷ್ಟೋ ಮೊದಲೇ ತುಂಬಿರುತ್ತದೆ.

ಇನ್ನು ಅಕ್ಷರದ ವಿಷಯ, ಹೆಚ್ಚು ಹಾಳಾಗುವುದು ಇಲ್ಲೇ. ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡಿನಲ್ಲಿ ಟೈಪ್ ಮಾಡಿ ವರ್ಡ್ ಕಡತವಾಗಿ ಕಳಿಸಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟಿನಲ್ಲಿದ್ದರೆ, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದವರಿಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಪಿಡಿಎಫ್ ಬೇಡ. ಅದರಿಂದ ಕನ್ನಡವನ್ನು ನಕಲು ಮಾಡಿದರೆ ಒತ್ತಕ್ಷರ ಒಂದು ಕಡೆ, ಗುಣಿತದ ಕೊಂಬು ಇನ್ನೊಂದು ಕಡೆ ಹಾರಿಹೋಗುತ್ತದೆ. ಕೆಲವು ಪತ್ರಿಕೆಗಳು ಆಸ್ಕಿಯನ್ನೇ ಕೇಳುವುದುಂಟು. ಆಗ ಪರಿವರ್ತಕದಲ್ಲಿ ಬದಲಿಸಿ, ಅರ್ಕಾವತ್ತಿರುವ ಪದಗಳನ್ನೂ ‘ರ‍್ಯಾಂಕ್’ ತರಹದವನ್ನೂ ಒಂದೊಂದಾಗಿ ಕಣ್ಣಾಡಿಸಿ, ಮುರಿಯುವುದು ಅವೇ. ಮೇಲ್‌ನಲ್ಲಿ ಮೂರು ಸಾಲು ಸಾಕು: ಕಥೆಯ ಹೆಸರು, ಪದಸಂಖ್ಯೆ, ಬೇರೆಲ್ಲೂ ಕಳಿಸಿಲ್ಲವೆಂಬ ಮಾತು. ಕೆಳಗೆ ವಿಳಾಸ, ಫೋನು. ಕಥೆಯ ಸಾರಾಂಶ ಬರೆಯಬೇಡಿ.

ಉತ್ತರ ಬಾರದಿರುವುದೇ ಹೆಚ್ಚು. ಮೂರು ತಿಂಗಳು ಕಾಯಿರಿ. ಆಮೇಲೆ ‘ಇಂಥ ದಿನ ಕಳಿಸಿದ ಕಥೆಯನ್ನು ಹಿಂಪಡೆಯುತ್ತಿದ್ದೇನೆ’ ಎಂದು ಒಂದು ಸಾಲು ಬರೆದು ಬೇರೆಡೆಗೆ ಕಳಿಸಿ. ಆ ಸಾಲು ಬರೆಯದೆ ಒಂದೇ ಕಥೆ ಎರಡು ಪತ್ರಿಕೆಗಳಲ್ಲಿ ಬಂದರೆ ಇಬ್ಬರು ಸಂಪಾದಕರೂ ನಿಮ್ಮ ಹೆಸರನ್ನು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ! ಕಥೆ, ಪತ್ರಿಕೆ, ತಾರೀಖು, ಫಲಿತಾಂಶ ಎಂದು ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದಿಟ್ಟುಕೊಳ್ಳಿ.

ಜಾಲಪತ್ರಿಕೆಗಳಲ್ಲಿ ‘ಕೆಂಡಸಂಪಿಗೆ’, ‘ಅವಧಿ’, ‘ಋತುಮಾನ’ವನ್ನು ಓದಿ ನೋಡಿ, ಮೂರರ ರುಚಿಯೂ ಬೇರೆ ಬೇರೆ. ಆಕಾಶವಾಣಿಯನ್ನು ಬಹಳ ಜನ ಮರೆತೇಬಿಟ್ಟಿದ್ದಾರೆ. ಹತ್ತು ನಿಮಿಷದ ಓದಿಗೆ ಸುಮಾರು ಸಾವಿರ ಪದ ಸಾಕು, ಗಟ್ಟಿಯಾಗಿ ಓದಿ ಗಡಿಯಾರ ನೋಡಿಕೊಳ್ಳಿ.

‘ಪ್ರಾತಿನಿಧಿಕ ಸಂಕಲನಕ್ಕೆ ಆಯ್ಕೆಯಾಗಿದ್ದೀರಿ, ಪುಟಕ್ಕೆ ಇಷ್ಟು ಹಣ, ಹತ್ತು ಪ್ರತಿ ಕಡ್ಡಾಯ’ ಎನ್ನುವ ಕರೆ ಬಂದರೆ ಬೇಡವೆನ್ನಿ. ಅಂಥ ಪುಸ್ತಕವನ್ನು ಕೊಳ್ಳುವವರು ಅದರಲ್ಲಿ ಬರೆದವರೇ. ಹತ್ತು ಹನ್ನೆರಡು ಗಟ್ಟಿ ಕಥೆಗಳಾದ ಮೇಲೆ, ಇನ್ನೂ ಕಥಾಸಂಕಲನ ತಂದಿರದಿದ್ದರೆ, ‘ಛಂದ ಪುಸ್ತಕ’ ಪ್ರಕಾಶನದ ಹಸ್ತಪ್ರತಿ ಸ್ಪರ್ಧೆಯ ಪ್ರಕಟಣೆಗೆ ಕಣ್ಣಿಟ್ಟಿರಿ. ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಕನ್ನಡ ಪುಸ್ತಕ ಪ್ರಾಧಿಕಾರದ ಅರ್ಜಿಯನ್ನೂ ಗಮನಿಸುತ್ತಿರಿ, ಅದಕ್ಕೆ ವಯಸ್ಸಿನ ಮಿತಿಯಿದೆ.