ಶುಕ್ರವಾರದ ಗಿರಿ ಚಾರಣಕ್ಕೆ ಬರುವವರ ಗಮನಕ್ಕೆ

ಸದಸ್ಯರಿಗೆಲ್ಲ ನಮಸ್ಕಾರ. ಬೆಳಿಗ್ಗೆ 5.30ಕ್ಕೆ ಚಿಕ್ಕಮಗಳೂರು ಬಸ್ ನಿಲ್ದಾಣದ ಎದುರು ಸೇರೋಣ. ಅನುಮತಿ ಪತ್ರದಲ್ಲಿರುವುದು 14 ಹೆಸರು. ಕೊನೆಗಳಿಗೆಯಲ್ಲಿ ಭಾವಮೈದುನನನ್ನು ಜೊತೆಗೆ ಕರೆತರಬೇಡಿ. ಗುರುತಿನ ಚೀಟಿ ಮರೆಯಬೇಡಿ.

ಮೊದಲ ದಿನ ಸರ್ಪದಾರಿಯಿಂದ ಮುಳ್ಳಯ್ಯನಗಿರಿ ಹತ್ತಿ, ಬೆಟ್ಟಸಾಲಿನ ಏಣು ಹಿಡಿದು ಬಾಬಾಬುಡನ್‌ಗಿರಿಯ ಕಡೆಗೆ. ಮುಳ್ಳಯ್ಯನಗಿರಿ ರಾಜ್ಯದ ಅತಿ ಎತ್ತರದ ಶಿಖರವೆಂದು ಹೆದರುವುದು ಬೇಡ. ಏರಿಗಿಂತ ಹೆಚ್ಚು ದಣಿಸುವುದು ನೆರಳಿಲ್ಲದ ಹುಲ್ಲುಗಾವಲಿನ ಬಿಸಿಲು. ತಲಾ ಮೂರು ಲೀಟರ್ ನೀರು ಹೊರಲೇಬೇಕು.

ಎರಡನೆಯ ದಿನ ಗಾಳಿಕೆರೆ. ನಿಜ ಹೇಳಬೇಕೆಂದರೆ ನಾನು ಬರುವುದೇ ಇದಕ್ಕಾಗಿ. ಬೆಟ್ಟದ ಮೇಲಿನ ಪುಟ್ಟ ಕೆರೆ. ಮಂಜು ಕವಿದರೆ ದಡಕ್ಕೆ ಬಂದರೂ ಕಾಣುವುದಿಲ್ಲ, ಸರಿಯುವವರೆಗೆ ಸುಮ್ಮನೆ ಕುಳಿತಿರಬೇಕು. ಸುತ್ತಲಿನ ಕಣಿವೆಗಳ ಶೋಲಾ, ಅಂದರೆ ಹುಲ್ಲುಗಾವಲಿನ ನಡುವಿನ ದಟ್ಟ ಕಾಡು, ಮಳೆನೀರನ್ನು ಹೀರಿಟ್ಟುಕೊಂಡು ಮೆಲ್ಲಗೆ ತೊರೆಗಳಿಗೆ ಬಿಡುತ್ತದೆ. ಆ ತೊರೆಗಳಲ್ಲಿ ಸೋಪು ಹಾಕಿ ಕೈಕಾಲು, ಪಾತ್ರೆ ತೊಳೆಯಬೇಡಿ. ಕುರಿಂಜಿ ಹೂವಿದೆಯೇ ಎಂದು ಮೂವರು ಕೇಳಿದ್ದೀರಿ. ಅದು ಇಲ್ಲಿ ಅರಳಿದ್ದು 2022ರಲ್ಲಿ, ಅರಳುವುದು 12 ವರ್ಷಕ್ಕೊಮ್ಮೆ. ಲೆಕ್ಕ ನೀವೇ ಹಾಕಿಕೊಳ್ಳಿ.

ಕಾಡಿನ ಹಾದಿಯಲ್ಲಿ ಇಂಬಳ (ಜಿಗಣೆ) ಇದ್ದೇ ಇರುತ್ತದೆ. ಉದ್ದ ಕಾಲುಚೀಲ ಹಾಕಿ, ಉಪ್ಪಿನ ಗಂಟು ಕೈಗೆ ಸಿಗುವಂತಿರಲಿ. ಬುತ್ತಿಗೆ ಅವಲಕ್ಕಿ, ಚಟ್ನಿಪುಡಿ, ನಿಪ್ಪಟ್ಟು ಸಾಕು. ಬೆಂಕಿ ಹಾಕುವಂತಿಲ್ಲ, ಡೇರೆ ಹೊಡೆಯುವಂತಿಲ್ಲ. ಮೊದಲ ರಾತ್ರಿ ಹೋಮ್‌ಸ್ಟೇ, ಎರಡನೆಯದು ಕೆಮ್ಮಣ್ಣುಗುಂಡಿ. ಭಾನುವಾರ ಅಲ್ಲಿಂದಲೇ ವಾಪಸು.

ಕಳೆದ ಸಲ ಸ್ಪೀಕರ್ ತಂದವರು ಈ ಸಲ ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ. ಬರಲಾಗದವರು ಬುಧವಾರ ರಾತ್ರಿಯೊಳಗೆ ತಿಳಿಸಿ.