ಎಮಿಷನ್ ಟೆಸ್ಟ್‌ಗೆ ಕಾರ್ ತರುವ ನಮ್ಮ ಗ್ರಾಹಕರಿಗೆ

ನಮಸ್ಕಾರ.

ಹೋದ ವಾರ ಕಳಿಸಿದ ವಾಟ್ಸಾಪ್ ಮೆಸೇಜು ತುಂಬಾ ಚಿಕ್ಕದಾಗಿತ್ತು. ಅದನ್ನು ಓದಿ ಬೇಜಾರಾದವರು ಅನೇಕರು. ಆದ್ದರಿಂದ ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ, ಬೆಳಿಗ್ಗೆ ಕಾರ್ ಬಿಟ್ಟು ಮಧ್ಯಾಹ್ನ ಎಮಿಷನ್ ಸರ್ಟಿಫಿಕೇಟ್ ಸಮೇತ ಒಯ್ಯುವ ವ್ಯವಸ್ಥೆ ಇರುವುದಿಲ್ಲ. ಕಾರ್ ಒಂದು ರಾತ್ರಿ ನಮ್ಮಲ್ಲೇ ಇರಬೇಕು. ಇಲ್ಲಿಯವರೆಗೆ ಸರ್ವಿಸ್ ಬಿಲ್ಲಿನಲ್ಲೇ ಸೇರಿಹೋಗುತ್ತಿದ್ದ ಹೊಗೆ ತಪಾಸಣೆಗೆ ಇನ್ನು 1,800 ರೂಪಾಯಿ ಬೇರೆ ಆಗುತ್ತದೆ. ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಹಳೆಯ ಕಾಲದ ಭಾಗ) ಇರುವ ಕಾರುಗಳಿಗೆ 900. ಇನ್ನೊಂದು ವಿಷಯ. ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ತೆಗೆಸಿ ನೇರ ಪೈಪ್ ಹಾಕಿಸಿಕೊಂಡ ಕಾರನ್ನು ನಾವು ಟೆಸ್ಟ್‌ಗೆ ಒಯ್ಯುವುದಿಲ್ಲ. ಯಾರು ಕೇಳಿದರೂ ಇಲ್ಲ.

ನಿಮಗೆ ತೊಂದರೆ ಆಗುತ್ತದೆ ಅಂತ ಗೊತ್ತು, ಕ್ಷಮಿಸಿ. ಎರಡು ಸಲ ಓಡಾಡಬೇಕು, ಒಂದು ರಾತ್ರಿ ಕಾರ್ ಇರುವುದಿಲ್ಲ, ಮೇಲೆ ದುಡ್ಡು ಬೇರೆ. ಆದರೂ ಮಾಡುತ್ತಿದ್ದೇವೆ ಅಂದರೆ ಬೇರೆ ದಾರಿ ಇಲ್ಲ.

ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಬಂಕ್ ಪಕ್ಕದ ಎಮಿಷನ್ ವ್ಯಾನಿನಲ್ಲಿ ಐದು ನಿಮಿಷಕ್ಕೆ ಸರ್ಟಿಫಿಕೇಟ್ ಕೊಡ್ತಾರೆ. ನಿಮಗ್ಯಾಕೆ ಸಾವಿರಗಟ್ಟಲೆ ಕೊಡಬೇಕು?" ಫೋನಿನಲ್ಲಿ ಕೇಳಿದ್ದೀರಿ, ಕೌಂಟರಿನಲ್ಲಿ ಕೇಳಿದ್ದೀರಿ, ನಮ್ಮ ಹುಡುಗರ ಹತ್ತಿರವೂ ಕೇಳಿದ್ದೀರಿ. ಅದಕ್ಕೆ ಪೂರ್ತಿ ಉತ್ತರ ಕೊಡಬೇಕು.

ವ್ಯಾನಿನವರು ಮಾಡುವುದು ಅಳತೆ. ಸೈಲೆನ್ಸರ್ ಒಳಗೆ ಕೊಳವೆ ಇಟ್ಟು, ಐಡ್ಲಿಂಗ್‌ನಲ್ಲಿ, ಅಂದರೆ ಕಾರ್ ನಿಂತಲ್ಲೇ ಎಂಜಿನ್ ಓಡುತ್ತಿರುವಾಗ, ಕಾರ್ಬನ್ ಮಾನಾಕ್ಸೈಡ್ ಎಷ್ಟು, ಉರಿಯದ ಹೈಡ್ರೋಕಾರ್ಬನ್ ಎಷ್ಟು ಅಂತ ನೋಡುತ್ತಾರೆ. ಅವರ ಕೆಲಸ ಅಷ್ಟೇ. ಅದಕ್ಕೆ ಅವರು ತೆಗೆದುಕೊಳ್ಳುವುದು ಸರ್ಕಾರ ಗೊತ್ತು ಮಾಡಿದ ಫೀಸು. ಆ ಫೀಸಿನಲ್ಲಿ ನಮಗೆ ಒಂದು ರೂಪಾಯಿಯೂ ಬರುವುದಿಲ್ಲ. ನಾವು ಮಾಡುವುದು ಆ ಅಳತೆ ಮಿತಿಯೊಳಗೆ ಬರುವ ಹಾಗೆ ಕಾರನ್ನು ಸರಿಪಡಿಸುವ ಕೆಲಸ. ಹೊಸ ಕಾರಿಗೆ ಇದು ಬೇಕಾಗಿಯೇ ಇಲ್ಲ. ನಿಮ್ಮ ಹಳೆಯ ಕಾರುಗಳಿಗೆ ಬೇಕು.

ಬಿಎಸ್ ಅಂದರೆ ಭಾರತ್ ಸ್ಟೇಜ್, ಹೊಗೆಗೆ ಸರ್ಕಾರ ಹಂತ ಹಂತವಾಗಿ ತಂದ ಮಾನದಂಡ. ಬಿಎಸ್-2ಕ್ಕೂ ಮುಂಚಿನ ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡ್ 3 ಶೇಕಡಾ, ಹೈಡ್ರೋಕಾರ್ಬನ್ 1,500 ಪಿಪಿಎಂ (ಹತ್ತು ಲಕ್ಷಕ್ಕೆ 1,500 ಭಾಗ) ತನಕ ಬಿಡುತ್ತಾರೆ. ಕಾಂಟೆಸ್ಸಾ, ಪದ್ಮಿನಿ ಇಟ್ಟುಕೊಂಡವರಿಗೆ ಇದು ಕಷ್ಟವಲ್ಲ. ಕಾರ್ಬುರೇಟರ್ ಬಿಚ್ಚಿ ತೊಳೆದು, ಪಾಯಿಂಟ್ ಸೆಟ್ ಮಾಡಿ, ಪ್ಲಗ್ ಹಾಕಿದರೆ ಪಾಸ್. ಬಿಎಸ್-2, ಬಿಎಸ್-3 ಕಾರುಗಳ ಕಥೆ ಬೇರೆ. ಅಲ್ಲಿ ಮಿತಿ 0.5 ಶೇಕಡಾ ಮತ್ತು 750 ಪಿಪಿಎಂ. ಅಂದರೆ ನಿಮ್ಮ ಪಾಲಿಯೋ 1.6, ನಿಮ್ಮ ಸಿಟಿ ವಿಟೆಕ್. ಈ ಎಂಜಿನ್‌ಗಳು ಇವತ್ತಿಗೂ ಎಷ್ಟು ಚೆನ್ನಾಗಿ ಎಳೆಯುತ್ತವೆ ಅಂತ ನಿಮಗೆ ಹೇಳಬೇಕಾಗಿಲ್ಲ. ಆದರೆ ಪಿಕಪ್ ಚೆನ್ನಾಗಿದೆ ಅಂದ ಮಾತ್ರಕ್ಕೆ ಹೊಗೆ ಶುದ್ಧವಾಗಿದೆ ಅಂತಲ್ಲ. ಗಾಳಿ-ಪೆಟ್ರೋಲ್ ಮಿಕ್ಸ್‌ಚರ್ ಸ್ವಲ್ಪ ರಿಚ್ ಆದಾಗ, ಅಂದರೆ ಪೆಟ್ರೋಲ್ ಜಾಸ್ತಿಯಾದಾಗ, ಗಾಡಿ ಇನ್ನೂ ಚುರುಕಾಗಿದೆ ಅನ್ನಿಸುತ್ತದೆ. ಟೆಸ್ಟ್‌ನಲ್ಲಿ ಫೇಲ್ ಮಾಡಿಸುವುದೂ ಅದೇ.

ಒಂದು ಉದಾಹರಣೆ ಕೇಳಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲಿ (ಎಂಜಿನ್ನಿನಿಂದ ಹೊಗೆ ಹೊರಬರುವ ಕೊಳವೆ) ಕೂದಲೆಳೆಯಷ್ಟು ಬಿರುಕು. ಅದರಿಂದ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಆಕ್ಸಿಜನ್ ಸೆನ್ಸರ್ ಆ ಗಾಳಿ ನೋಡಿ ಪೆಟ್ರೋಲ್ ಕಡಿಮೆ ಆಯಿತು ಅಂತ ಹೇಳುತ್ತದೆ. ಎಂಜಿನ್ನಿನ ಕಂಪ್ಯೂಟರ್ ಅದನ್ನು ನಂಬಿ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. ಇಲ್ಲಿ ತಪ್ಪು ಸೆನ್ಸರಿನದ್ದೂ ಅಲ್ಲ, ಕಂಪ್ಯೂಟರಿನದ್ದೂ ಅಲ್ಲ. ಬಿರುಕು ಹುಡುಕದೆ ಸುಮ್ನೆ ಸೆನ್ಸರ್ ಬದಲಾಯಿಸಿದರೆ ನಿಮ್ಮ ದುಡ್ಡು ಹೋಗುತ್ತದೆ, ಕಾರ್ ಮತ್ತೆ ಫೇಲ್ ಆಗುತ್ತದೆ. ಕೂಲೆಂಟ್ ಟೆಂಪರೇಚರ್ ಸೆನ್ಸರ್ ಕೆಟ್ಟರೂ ಹೀಗೇ ಆಗುತ್ತದೆ. ಬಿಸಿಯಾದ ಎಂಜಿನ್ನನ್ನು ಕಂಪ್ಯೂಟರ್ ತಣ್ಣಗಿದೆ ಅಂದುಕೊಂಡು ಜಾಸ್ತಿ ಪೆಟ್ರೋಲ್ ಕೊಡುತ್ತಲೇ ಇರುತ್ತದೆ.

ಇಂಥ ದೋಷ ಕಾಣಬೇಕಾದರೆ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಸ್ಟಾರ್ಟ್ ಮಾಡಿ, ಬಿಸಿಯಾಗುವ ತನಕ ಮೀಟರ್ ನೋಡುತ್ತಾ ಇರಬೇಕು. ರಾತ್ರಿ ಕಾರ್ ಇಟ್ಟುಕೊಳ್ಳುವುದು ಅದಕ್ಕೇ. ಬೇರೆ ಕಾರಣ ಇಲ್ಲ. ಕೀಲಿ ಕಚೇರಿಯ ಬೀರುವಿನಲ್ಲಿ ಇರುತ್ತದೆ. ಓಡಿಸಿ ನೋಡಬೇಕಾದರೆ ಹಿರಿಯ ಮೇಸ್ತ್ರಿ ಬಿಟ್ಟು ಯಾರೂ ಕೂರುವುದಿಲ್ಲ. ಓಡೋಮೀಟರ್ ಫೋಟೋ ತೆಗೆದು ನಿಮಗೆ ಕಳಿಸುತ್ತೇವೆ.

"ವ್ಯಾನಿಗೇ ಹೋಗಿ ನೋಡೋಣ, ಫೇಲ್ ಆದರೆ ನಿಮ್ಮ ಹತ್ತಿರ ಬರ್ತೀನಿ" ಅನ್ನುವವರೂ ಇದ್ದೀರಿ. ಹಾಗೆ ಮಾಡಬೇಡಿ ಅಂತ ಕೇಳಿಕೊಳ್ಳುತ್ತೇವೆ. ಈಗ ಟೆಸ್ಟ್ ಫಲಿತಾಂಶ ಆನ್‌ಲೈನ್‌ನಲ್ಲಿ ವಾಹನ್‌ಗೆ (ಸರ್ಕಾರದ ವಾಹನ ನೋಂದಣಿ ದಾಖಲೆಗೆ) ಸೇರುತ್ತದೆ. ಫೇಲ್ ಆದರೆ ಕೈಗೆ ರಿಜೆಕ್ಷನ್ ಸ್ಲಿಪ್ ಕೊಡಬೇಕು ಅಂತ 2021ರಲ್ಲೇ ನಿಯಮ ಬಂದಿದೆ. ಮೊದಲು ನಮ್ಮ ಅನಲೈಸರ್‌ನಲ್ಲಿ (ಹೊಗೆ ಅಳೆಯುವ ಯಂತ್ರದಲ್ಲಿ) ನೋಡಿದರೆ ಸರಿಪಡಿಸಲು ಸಮಯ ಸಿಗುತ್ತದೆ.

ಆ ಅನಲೈಸರ್ ಸುಮ್ಮನೆ ನಡೆಯುವುದಿಲ್ಲ. ಕ್ಯಾಲಿಬ್ರೇಷನ್‌ಗೆ ಅಳತೆ ಮಾಡಿದ ಗ್ಯಾಸ್ ಸಿಲಿಂಡರ್ ತರಿಸಬೇಕು. ಆಕ್ಸಿಜನ್ ಸೆಲ್ ಬಳಸದಿದ್ದರೂ ಸವೆಯುತ್ತದೆ, ಬದಲಾಯಿಸಲೇಬೇಕು. ಇಷ್ಟು ದಿನ ಈ ಖರ್ಚನ್ನು ನಾವೇ ನುಂಗಿಕೊಂಡು ಬಂದೆವು. ಇನ್ನು ಆಗುವುದಿಲ್ಲ.

ಕ್ಯಾಟ್ ಬೆಲೆಯ ಬಗ್ಗೆಯೂ ನಮ್ಮ ಮೇಲೆ ಸಿಟ್ಟಿದೆ. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ ಇರುತ್ತದೆ. ರೋಡಿಯಂ 2021ರಲ್ಲಿ ಒಂದು ಔನ್ಸ್‌ಗೆ 29,000 ಡಾಲರ್ ದಾಟಿತ್ತು. ಆಮೇಲೆ ಇಳಿಯಿತು, ಆದರೂ ಇದು ಕಡಿಮೆ ಬೆಲೆಯ ಲೋಹವಲ್ಲ. ಅಗ್ಗದ ಕ್ಯಾಟ್ ಸಿಗುತ್ತದೆ, ಇಲ್ಲ ಅನ್ನುವುದಿಲ್ಲ. ಲೇಪ ತೆಳುವಾಗಿರುತ್ತದೆ. ಹಾಕಿದ ಹೊಸತರಲ್ಲಿ ಪಾಸ್, ಮುಂದಿನ ಸಲ ಫೇಲ್. ಜೆ.ಸಿ. ರಸ್ತೆಯಿಂದ ಶಿವಾಜಿನಗರದ ಗುಜರಿ ತನಕ ನಾವು ಹುಡುಕುವುದು ಒಳ್ಳೆಯ ಸ್ಥಿತಿಯ ಮೂಲ ಕ್ಯಾಟನ್ನು. ಸಿಕ್ಕಿದರೆ ಅಳತೆ ಮಾಡಿ ತೋರಿಸಿಯೇ ಹಾಕುತ್ತೇವೆ. ನಿಮ್ಮ ಹಳೆಯ ಕ್ಯಾಟ್ ನಿಮ್ಮದೇ, ಡಿಕ್ಕಿಯಲ್ಲಿಟ್ಟು ಕೊಡುತ್ತೇವೆ.

ಇನ್ನು ಪೆಟ್ರೋಲ್. "ನಿಮ್ಮ ಸರ್ವಿಸ್ ಆದ ಮೇಲೆ ಗಾಡಿ ಜರ್ಕ್ ಹೊಡೀತಿದೆ" ಅನ್ನುವ ದೂರು ಈಚೆಗೆ ಜಾಸ್ತಿ ಆಗಿದೆ. ಈಗ ಬಂಕಿನಲ್ಲಿ ಸಿಗುವುದು ಇ20, ನೂರಕ್ಕೆ ಇಪ್ಪತ್ತು ಭಾಗ ಎಥನಾಲ್. ಬರೀ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಕಿಲೋಗೆ ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲ್‌ಗೆ ಸುಮಾರು 9 ಸಾಕು. ಹಳೆಯ ಜೆಟ್ (ಪೆಟ್ರೋಲ್ ಬಿಡುವ ಸಣ್ಣ ರಂಧ್ರ) ಇರುವ ಕಾರ್ಬುರೇಟರ್‌ಗೆ ಇದು ಗೊತ್ತಾಗುವುದಿಲ್ಲ, ಮೊದಲಿನಷ್ಟೇ ಗಾಳಿ ಬೆರೆಸುತ್ತದೆ. ಮಿಕ್ಸ್‌ಚರ್ ಲೀನ್ ಆಗುತ್ತದೆ, ಅಂದರೆ ಇಂಧನಕ್ಕಿಂತ ಗಾಳಿಯ ಪಾಲು ಬೇಕಾದ್ದಕ್ಕಿಂತ ಜಾಸ್ತಿ. ಮಾನಾಕ್ಸೈಡ್ ಇಳಿಯುತ್ತದೆ, ಆದರೆ ಕಿಡಿ ಹತ್ತದೆ ಉಳಿದ ಪೆಟ್ರೋಲ್ ಹೊರಗೆ ಬಂದು ಹೈಡ್ರೋಕಾರ್ಬನ್ ಏರುತ್ತದೆ. ಹಳೆಯ ರಬ್ಬರ್ ಪೈಪು, ಡಯಾಫ್ರಮ್ ಉಬ್ಬುತ್ತವೆ, ಬಿರುಕು ಬಿಡುತ್ತವೆ. ಇದು ನಮ್ಮ ಕೈಕೆಲಸದ ದೋಷವಲ್ಲ. ಎಥನಾಲ್ ತಡೆಯುವ ಪೈಪ್ ಹಾಕಿ, ಜೆಟ್ ಬದಲಾಯಿಸಿದ ಕಾರುಗಳು ಇವತ್ತು ಆರಾಮವಾಗಿ ಓಡುತ್ತಿವೆ. ಅದರ ಖರ್ಚು ಬೇರೆ ಅಂದಾಗ ಬೇಸರ ಮಾಡಿಕೊಳ್ಳಬೇಡಿ.

ಆರ್‌ಸಿ ರಿನ್ಯೂವಲ್‌ಗೆ ನಮ್ಮ ಮೂಲಕ ಹೋದವರಿಗೂ ಒಂದು ಮಾತು. 15 ವರ್ಷ ದಾಟಿದ ಕಾರಿನ ಫೀಸು 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 10,000 ಆಯಿತು. ಇದೆಲ್ಲ ಸರ್ಕಾರಕ್ಕೆ ಹೋಗುವ ದುಡ್ಡು. ಒಟ್ಟು ಮೊತ್ತ ನೋಡಿ "ಗ್ಯಾರೇಜಿನವರು ದುಬಾರಿ" ಅಂದರೆ ನಮಗೆ ನೋವಾಗುತ್ತದೆ. ಬಿಡಿಭಾಗಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಾಗ ಆ ಲಾಭ ನಿಮ್ಮ ಬಿಲ್ಲಿಗೇ ಬಂತು, ಅಲ್ವಾ?

1,800 ರೂಪಾಯಿ ವರ್ಷಕ್ಕೆ ಒಂದೇ ಸಲ. ಬಿಎಸ್-4ಕ್ಕಿಂತ ಹಳೆಯ ಕಾರಿಗೆ ಆರು ತಿಂಗಳಿಗೊಮ್ಮೆ ಸರ್ಟಿಫಿಕೇಟ್ ಬೇಕು. ಆ ಎರಡನೇ ಸಲ ಹೊಗೆ ನೋಡುವುದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ರಿಪೇರಿ ನಮ್ಮಲ್ಲೇ ಮಾಡಿಸಿದರೆ ಈ ತಪಾಸಣೆ ದುಡ್ಡಿನ ಅರ್ಧವನ್ನು ಬಿಲ್ಲಿನಲ್ಲಿ ಕಳೆಯುತ್ತೇವೆ. ಬೇರೆ ಕಡೆ ಮಾಡಿಸುವುದಾದರೆ ಅಳತೆಯ ಚೀಟಿ ಕೈಗೆ ಕೊಡುತ್ತೇವೆ, ಮುನಿಸಿಲ್ಲ. ಒಂದೇ ಸಲಕ್ಕೆ ಕೊಡಲು ಕಷ್ಟ ಅನ್ನಿಸಿದರೆ ಬಂದು ಹೇಳಿ. ಕಂತಿನಲ್ಲಿ ಕೊಟ್ಟವರು ಹಿಂದೆಯೂ ಇದ್ದಾರೆ, ಅದು ಯಾರಿಗೂ ಗೊತ್ತಾಗಿಲ್ಲ.

ನೇರ ಪೈಪ್ ವಿಷಯದಲ್ಲಿ ಮಾತ್ರ ಚೌಕಾಶಿ ಇಲ್ಲ. ಸೌಂಡ್ ಚೆನ್ನಾಗಿರುತ್ತದೆ, ಒಪ್ಪುತ್ತೇವೆ. ಆದರೆ ಹಿಂದೆ ಸಿಗ್ನಲ್‌ನಲ್ಲಿ ಸ್ಕೂಟರ್ ಮೇಲೆ ಕೂತವರು ಆ ಹೊಗೆ ಕುಡಿಯುತ್ತಾರೆ.

ಕಾರ್ ತರುವ ಮುಂಚೆ ಎಂಜಿನ್ ಆಯಿಲ್ ಹಳತಾಗಿದ್ದರೆ ಹೇಳಿ. ಆಯಿಲ್‌ಗೆ ಸೇರಿದ ಪೆಟ್ರೋಲ್ ಕೂಡ ಹೈಡ್ರೋಕಾರ್ಬನ್ ಏರಿಸುತ್ತದೆ. ತಿಂಗಳುಗಟ್ಟಲೆ ನಿಂತ ಕಾರಾದರೆ ಹೊಸ ಪೆಟ್ರೋಲ್ ಹಾಕಿಸಿ. ಚೆಕ್ ಎಂಜಿನ್ ಲೈಟ್ ಬರುತ್ತಿದ್ದರೆ ಮುಚ್ಚಿಡಬೇಡಿ, ಬ್ಯಾಟರಿ ಬಿಚ್ಚಿ ಅಳಿಸಿಕೊಂಡು ಬರಬೇಡಿ. ಅಳಿಸಿದರೆ ನಮಗೇ ಹುಡುಕುವುದು ಕಷ್ಟ.

ಈ ತಿಂಗಳ ಕೊನೆಯೊಳಗೆ ಬುಕ್ ಮಾಡಿದವರಿಗೆಲ್ಲ ಹಳೆಯ ದರವೇ. ಫೋನ್ ಮಾಡುವುದಾದರೆ ಬೆಳಿಗ್ಗೆ ಹತ್ತರ ಮೇಲೆ ಮಾಡಿ. ಅದಕ್ಕೂ ಮುಂಚೆ ರಾತ್ರಿ ನಿಂತ ಕಾರುಗಳನ್ನು ಸ್ಟಾರ್ಟ್ ಮಾಡಿ ಮೀಟರ್ ನೋಡುತ್ತಿರುತ್ತೇವೆ.

ನಿಮ್ಮ ಗ್ಯಾರೇಜಿನವರು